ಒಂಬತ್ತು ಜಾಗಕ್ಕೆ ಹದಿಮೂರು ಹುಡುಗಿಯರು

ಡಲ್ಲಾಸ್ ಸುತ್ತಮುತ್ತ ಕನ್ನಡದವರು ಬೇಕಾದಷ್ಟಿದ್ದಾರೆ. ಅವರಲ್ಲಿ ಮಗಳನ್ನು ಸಾಫ್ಟ್‌ಬಾಲ್‌ಗೆ ಹಾಕಿದವರು ಮಾತ್ರ ಬೆರಳೆಣಿಕೆ. ಈಜು, ಟೆನಿಸ್, ಭರತನಾಟ್ಯ, ಸ್ಪೆಲ್ಲಿಂಗ್ ಬೀ, ಇವಕ್ಕೆಲ್ಲ ಸಲಹೆ ಕೊಡುವವರು ಹತ್ತು ಜನ ಸಿಗುತ್ತಾರೆ. ಸಾಫ್ಟ್‌ಬಾಲ್ ಅಂದ ಕೂಡಲೇ ಎಲ್ಲರೂ ನನ್ನ ಕಡೆ ಕೈ ತೋರಿಸುತ್ತಾರೆ. ಯುಗಾದಿ ಕಾರ್ಯಕ್ರಮದಲ್ಲಿ ತಟ್ಟೆ ಹಿಡಿದುಕೊಂಡು ನಿಂತಿದ್ದರೆ ಯಾರಾದರೂ ತಾಯಿ ಪಕ್ಕಕ್ಕೆ ಬಂದು ಕೇಳುತ್ತಾರೆ: "ಯಾವ ಟೀಮ್ ಚೆನ್ನಾಗಿದೆ? ಕೋಚ್ ಹೇಗೆ? ಫೀಸ್ ಎಷ್ಟು?" ಇವೆಲ್ಲ ಆಮೇಲಿನ ಮಾತು. ಮೊದಲು ಕೇಳಬೇಕಾದ್ದು, ಟೀಮಿನಲ್ಲಿ ಒಟ್ಟು ಎಷ್ಟು ಹುಡುಗಿಯರು ಅಂತ. ಹೋದ ಕಡೆಯೆಲ್ಲ ಇದನ್ನೇ ಹೇಳಿ ಸಾಕಾಗಿದೆ, ಒಮ್ಮೆ ಬರೆದುಬಿಡೋಣ ಅನ್ನಿಸಿತು.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಸಾಫ್ಟ್‌ಬಾಲ್ ಅಂದರೆ ಬೇಸ್‌ಬಾಲ್ ಥರದ್ದೇ ಆಟ. ಮೈದಾನ ಚಿಕ್ಕದು, ಚೆಂಡು ದೊಡ್ಡದು. ಪಿಚರ್ ಕೈಯನ್ನು ಪೂರ್ತಿ ಒಂದು ಸುತ್ತು ಸುತ್ತಿಸಿ ಕೆಳಗಿನಿಂದ ಚೆಂಡು ಬಿಡುತ್ತಾಳೆ. ಓಡುವವಳು ಒಂದೊಂದಾಗಿ ಮುಟ್ಟುತ್ತಾ ಹೋಗುವ ಗುರುತುಗಳಿಗೆ ಬೇಸ್ ಅನ್ನುತ್ತಾರೆ, ಬೇಸಿನಿಂದ ಬೇಸಿಗೆ 60 ಅಡಿ. ಹನ್ನೆರಡು ವರ್ಷದವರೆಗಿನ ಹುಡುಗಿಯರ ವಿಭಾಗವನ್ನು ಇಲ್ಲಿ ಎಲ್ಲರೂ 12ಯು ಅನ್ನುತ್ತಾರೆ. ಅದರಲ್ಲಿ ಪಿಚರ್ ಎಸೆಯುವುದು 40 ಅಡಿ ದೂರದಿಂದ, 14ಯುಗೆ ಹೋದರೆ 43 ಅಡಿ. ಫೀಲ್ಡಿಗೆ ಇಳಿಯುವುದು ಒಂಬತ್ತೇ ಜನ.

ಇದರಲ್ಲಿ ಎರಡು ಲೋಕ ಇವೆ. ಒಂದು ರೆಕ್ ಬಾಲ್. ಊರಿನ ಮಕ್ಕಳೆಲ್ಲ ಸೇರಿ ಆಡುವುದು, ಫೀಸ್ ಕಡಿಮೆ, ಪಂದ್ಯ ಎಲ್ಲ ಮನೆ ಹತ್ತಿರವೇ. ಅಲ್ಲಿ ಎಲ್ಲರನ್ನೂ ಆಡಿಸಬೇಕು ಅಂತ ಸಾಮಾನ್ಯವಾಗಿ ನಿಯಮ ಇರುತ್ತದೆ. ಮಕ್ಕಳ ಬೇಸ್‌ಬಾಲ್, ಸಾಫ್ಟ್‌ಬಾಲ್ ನಡೆಸುವ ಲಿಟಲ್ ಲೀಗ್ ಸಂಸ್ಥೆಯಲ್ಲಂತೂ ಪ್ರತಿ ಪಂದ್ಯದಲ್ಲಿ ಪ್ರತಿ ಮಗುವಿಗೆ ಕಡಿಮೆ ಅಂದರೆ ಒಂದು ಸಲ ಬ್ಯಾಟಿಂಗ್, ಆರು ಔಟ್ ಆಗುವವರೆಗೆ ಫೀಲ್ಡಿಂಗ್ ಅಂತ ಬರೆದೇ ಇಟ್ಟಿದ್ದಾರೆ. ಇನ್ನೊಂದು ಟ್ರಾವೆಲ್ ಬಾಲ್. ಟ್ರೈಔಟ್ ಮಾಡಿ ಆರಿಸುತ್ತಾರೆ, ವರ್ಷವಿಡೀ ಅಭ್ಯಾಸ, ವಾರಾಂತ್ಯಕ್ಕೆ ಬೇರೆ ಊರಿನಲ್ಲಿ ಟೂರ್ನಮೆಂಟ್. ಇಲ್ಲಿ ಆ ನಿಯಮ ಇಲ್ಲ. ಸಹಿ ಮಾಡುವ ಕಾಗದದಲ್ಲೇ "ಆಡುವ ಸಮಯಕ್ಕೆ ಖಾತರಿ ಇಲ್ಲ" ಅಂತ ಒಂದು ಸಾಲು ಇರುತ್ತದೆ. ಫೀಸಿಗೆ ಮಾತ್ರ ಖಾತರಿ.

ನನ್ನ ಮಗಳು ರೆಕ್ ಬಾಲ್‌ನಲ್ಲಿ ಸೆಕೆಂಡ್ ಬೇಸ್, ಅಂದರೆ ಎರಡನೆಯ ಬೇಸಿನ ಹತ್ತಿರದ ಫೀಲ್ಡಿಂಗ್ ಜಾಗ, ಆಡುತ್ತಿದ್ದಳು. ಚೆನ್ನಾಗಿಯೇ ಆಡುತ್ತಿದ್ದಳು. ಅವಳ ಗೆಳತಿಯರೆಲ್ಲ ಟ್ರಾವೆಲ್ ಟೀಮಿಗೆ ಹೋದರು ಅಂತ ಇವಳಿಗೂ ಆಸೆ ಹುಟ್ಟಿತು.

ಟ್ರೈಔಟ್ ನಡೆಯುವುದು ಆಗಸ್ಟ್‌ನಲ್ಲಿ. ಬೇಸಿಗೆಯ ದೊಡ್ಡ ಟೂರ್ನಮೆಂಟ್‌ಗಳು ಮುಗಿದ ಕೂಡಲೇ ಹೊಸ ವರ್ಷದ ತಂಡ ಕಟ್ಟುತ್ತಾರೆ. ಟೆಕ್ಸಾಸ್‌ನ ಆಗಸ್ಟ್ ಅಂದರೆ ಸಂಜೆ ಆರೂವರೆಗೂ ನೆಲದಿಂದ ಬಿಸಿ ಏಳುತ್ತಿರುತ್ತದೆ. ಬೆನ್ನಿಗೆ ಒಂದು ನಂಬರ್ ಅಂಟಿಸಿ ಸಾಲಾಗಿ ನಿಲ್ಲಿಸುತ್ತಾರೆ. ನೆಲದ ಮೇಲೆ ಉರುಳಿಸಿದ ಚೆಂಡು ಹಿಡಿಯಬೇಕು, ಮೇಲೆ ಹಾರಿಸಿದ್ದು ಹಿಡಿಯಬೇಕು, ಬ್ಯಾಟಿಂಗ್ ಪೆಟ್ಟಿಗೆಯಿಂದ ಫಸ್ಟ್ ಬೇಸಿಗೆ ಓಡುವುದನ್ನು ಸ್ಟಾಪ್‌ವಾಚ್ ಹಿಡಿದು ಅಳೆಯುತ್ತಾರೆ. ಪಿಚರ್‌ಗಳನ್ನು ಪಕ್ಕಕ್ಕೆ ಕರೆದುಕೊಂಡು ಹೋಗುತ್ತಾರೆ. ಅವರ ಹಿಂದೆ ಒಬ್ಬೊಬ್ಬ ಅಪ್ಪ ಬಕೆಟ್ ಹಿಡಿದುಕೊಂಡು ಹೋಗುತ್ತಾನೆ. ಪಿಚರ್ ಮಗಳ ಅಪ್ಪನ ಆಸನವೇ ಆ ಬಕೆಟ್. ಅದರೊಳಗೆ ಚೆಂಡು, ಮುಚ್ಚಳಕ್ಕೆ ಮೆತ್ತೆ. ಮಗಳ ಇಡೀ ಬಾಲ್ಯ ಅವನು ಅದರ ಮೇಲೆ ಕೂತೇ ಅವಳ ಚೆಂಡು ಹಿಡಿಯಬೇಕು.

ಅವತ್ತು ರಾತ್ರಿಯೇ ಕೋಚ್ ಫೋನ್ ಮಾಡಿದರು. ಮಗಳಿಗೆ ಜಾಗ ಇದೆ, ನಾಳೆ ಸಂಜೆಯೊಳಗೆ ಹೇಳಿ ಅಂದರು. ಎಷ್ಟು ಜನರನ್ನು ತೆಗೆದುಕೊಳ್ಳುತ್ತೀರಿ ಅಂತ ನನ್ನ ಗಂಡ ಕೇಳಿದ. "ಹನ್ನೊಂದು, ಜಾಸ್ತಿ ಅಂದರೆ ಹನ್ನೆರಡು" ಅಂದರು. ಸರಿ, ಒಪ್ಪಿಕೊಂಡೆವು. ಅಕ್ಟೋಬರ್ ಹೊತ್ತಿಗೆ ಹದಿಮೂರಾಗಿತ್ತು.

ಕೋಚ್ ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಬೇರೆ ಟೀಮು ಒಡೆಯಿತು, ಅಲ್ಲಿಂದ ಒಬ್ಬ ಪಿಚರ್ ಬರುತ್ತೇನೆ ಅಂದಳು. ಪಿಚರ್ ಬರುತ್ತೇನೆ ಅಂದರೆ ಯಾವ ಕೋಚೂ ಬೇಡ ಅನ್ನುವುದಿಲ್ಲ. ಶನಿವಾರ ಎರಡೋ ಮೂರೋ ಪಂದ್ಯ, ಭಾನುವಾರ ಗೆಲ್ಲುತ್ತಾ ಹೋದರೆ ಇನ್ನೂ ಮೂರು. ಒಬ್ಬಳೇ ಹುಡುಗಿ ಅಷ್ಟನ್ನೂ ಎಸೆಯಲಾರಳು. ಮೂರು ಪಿಚರ್ ಬೇಕೇ ಬೇಕು, ನಾಲ್ಕಿದ್ದರೆ ನೆಮ್ಮದಿ. ಮುಖವಾಡ, ಎದೆಕವಚ, ಮೊಣಕಾಲಿನ ಗಾರ್ಡು ಹಾಕಿಕೊಂಡು ಬಿಸಿಲಲ್ಲಿ ಬ್ಯಾಟ್ ಹಿಡಿದವಳ ಹಿಂದೆ ಕುಕ್ಕರುಗಾಲಲ್ಲಿ ಕೂರುವ ಕ್ಯಾಚರ್ ಕೂಡ ಇಬ್ಬರು ಬೇಕು. ಹುಡುಗಿಯರಿಗೆ ಜ್ವರ ಬರುತ್ತದೆ, ಕಾಲು ಉಳುಕುತ್ತದೆ, ಶಾಲೆಯ ಬ್ಯಾಂಡ್ ಕಾರ್ಯಕ್ರಮ ಬರುತ್ತದೆ. ಒಂಬತ್ತಕ್ಕಿಂತ ಕಡಿಮೆಯಾದರೆ ಕಷ್ಟ. ಎಂಟು ಜನರಿಂದ ಆಡಲು ಹಲವು ಕಡೆ ಬಿಡುತ್ತಾರೆ, ಆದರೆ ಇಲ್ಲದ ಒಂಬತ್ತನೆಯವಳ ಸರದಿ ಬಂದಾಗಲೆಲ್ಲ ಒಂದು ಔಟ್ ಬರೆದುಕೊಳ್ಳಬೇಕು. ಹೀಗಾಗಿ ಕೋಚ್‌ಗೆ ಜನ ಜಾಸ್ತಿ ಇದ್ದಷ್ಟೂ ನಿದ್ದೆ ಚೆನ್ನಾಗಿ ಬರುತ್ತದೆ.

ಇನ್ನೊಂದು ಕಾರಣ ದುಡ್ಡು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟೂರ್ನಮೆಂಟ್ ಪ್ರವೇಶ ಶುಲ್ಕ, ಚಳಿಗಾಲದಲ್ಲಿ ಒಳಾಂಗಣದ ಬಾಡಿಗೆ, ಚೆಂಡು, ವಿಮೆ, ಕೋಚ್‌ಗೆ ಸಂಬಳ ಇದ್ದರೆ ಅದು, ಇವೆಲ್ಲ ತಂಡಕ್ಕೆ ಒಟ್ಟು ಖರ್ಚು. ಹುಡುಗಿಯರು ಹತ್ತಿರಲಿ ಹದಿಮೂರಿರಲಿ, ಅದು ಹೆಚ್ಚು ಕಡಿಮೆ ಆಗುವುದಿಲ್ಲ. ವರ್ಷಕ್ಕೆ 26,000 ಡಾಲರ್ ಅಂತ ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳಿ. ಹತ್ತು ಜನ ಹಂಚಿಕೊಂಡರೆ ತಲೆಗೆ 2,600. ಹದಿಮೂರಾದರೆ 2,000. ಫೀಸ್ ಕಡಿಮೆ ಇರುವ ಟೀಮು ಒಳ್ಳೆಯ ಟೀಮು ಅಂತ ಓಡಿಹೋಗುವವರು ಈ ಭಾಗಾಕಾರ ಒಮ್ಮೆ ಮಾಡಿ ನೋಡಬೇಕು.

ಈಗ ಮೈದಾನದ ಲೆಕ್ಕ. ನನಗೆ ಇದು ತಲೆಗೆ ಹತ್ತಿದ್ದು ಸ್ಕೋರ್ ಬರೆಯಲು ಕೂತಮೇಲೆ. ಪ್ರತಿ ತಂಡದಲ್ಲೂ ಯಾರಾದರೂ ಒಬ್ಬ ತಾಯಿಯೋ ತಂದೆಯೋ ಗೇಮ್‌ಚೇಂಜರ್ ಅನ್ನುವ ಆ್ಯಪಿನಲ್ಲಿ ಪ್ರತಿ ಚೆಂಡನ್ನೂ ಒತ್ತುತ್ತಾ ಹೋಗಬೇಕು. ಊರಲ್ಲಿರುವ ಅಜ್ಜ ಅಜ್ಜಿಯರು ಅದರಲ್ಲೇ ಪಂದ್ಯ ನೋಡುತ್ತಾರೆ. ಯಾರೂ ಒಪ್ಪಲಿಲ್ಲ, ನಾನು ಒಪ್ಪಿಕೊಂಡೆ. ಕ್ಯಾಚರ್ ಹಿಂದಿನ ಬೇಲಿಗೆ ಅಂಟಿಕೊಂಡ ಮಡಿಸುವ ಕುರ್ಚಿ ನನ್ನ ಜಾಗವಾಯಿತು. ಜೂನ್ ಬಂದಮೇಲೆ ಫೋನು ಕಾದು ತಾನೇ ಆಫ್ ಆಗುತ್ತಿತ್ತು. ಊಟದ ಡಬ್ಬಿಯ ಜೊತೆ ಇಡುವ ಐಸ್ ಪ್ಯಾಕನ್ನು ಕರವಸ್ತ್ರದಲ್ಲಿ ಸುತ್ತಿ, ಫೋನನ್ನು ಅದರ ಮೇಲಿಟ್ಟು ಒತ್ತುತ್ತಿದ್ದೆ. ಪಂದ್ಯಕ್ಕೆ ಹತ್ತು ನಿಮಿಷ ಮುಂಚೆ ಕೋಚ್ ಲೈನಪ್ ಕಾರ್ಡ್ ಕೊಡುತ್ತಿದ್ದರು. ಮೇಲೆ ಒಂಬತ್ತು ಸಾಲು, ಪಕ್ಕದಲ್ಲಿ ಪೊಸಿಷನ್ ನಂಬರ್. ಪಿಚರ್ 1, ಕ್ಯಾಚರ್ 2, ಸೆಕೆಂಡ್ ಬೇಸ್ 4, ಶಾರ್ಟ್‌ಸ್ಟಾಪ್ 6, ರೈಟ್ ಫೀಲ್ಡ್ 9, ಹೀಗೆ. ಕೆಳಗೆ ಗೆರೆ ಎಳೆದು ಉಳಿದವರ ಹೆಸರು. ಮಗಳ ಹೆಸರನ್ನು ಗೆರೆಯ ಮೇಲಿಂದ ಹುಡುಕಬೇಕೋ ಕೆಳಗಿಂದ ಹುಡುಕಬೇಕೋ ಅಂತ ಬರಬರುತ್ತಾ ಅಭ್ಯಾಸವಾಯಿತು.

ಪುಸ್ತಕದ ಪ್ರಕಾರ ಸಾಫ್ಟ್‌ಬಾಲ್ ಏಳು ಇನಿಂಗ್ಸ್. ಟೂರ್ನಮೆಂಟ್‌ನಲ್ಲಿ ಅಷ್ಟೆಲ್ಲ ಎಲ್ಲಿ? ಒಂದೇ ಮೈದಾನದಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಪಂದ್ಯದ ಮೇಲೆ ಪಂದ್ಯ. 75 ನಿಮಿಷ ಆದ ಕೂಡಲೇ ಹೊಸ ಇನಿಂಗ್ಸ್ ಶುರು ಮಾಡುವ ಹಾಗಿಲ್ಲ. ನಾಲ್ಕು, ಹೆಚ್ಚೆಂದರೆ ಐದು ಇನಿಂಗ್ಸ್ ಆಗುತ್ತದೆ. ಐದೇ ಅಂದುಕೊಳ್ಳಿ. ಒಂಬತ್ತು ಜಾಗ ಗುಣಿಸು ಐದು, ನಲವತ್ತೈದು. ಅದನ್ನು ಹದಿಮೂರು ಜನರಿಗೆ ಸಮ ಪಾಲು ಮಾಡಿದರೆ ತಲೆಗೆ ಮೂರೂವರೆ ಇನಿಂಗ್ಸ್. ಪರವಾಗಿಲ್ಲ ಅಲ್ವಾ ಅನ್ನಿಸುತ್ತದೆ.

ಆದರೆ ಯಾರೂ ಸಮ ಪಾಲು ಮಾಡುವುದಿಲ್ಲ. ಪಿಚರ್, ಕ್ಯಾಚರ್, ಶಾರ್ಟ್‌ಸ್ಟಾಪ್, ಫಸ್ಟ್ ಬೇಸ್, ಸೆಂಟರ್ ಫೀಲ್ಡ್, ಈ ಐದು ಜಾಗವನ್ನು ಕೋಚ್ ಅಷ್ಟು ಸುಲಭಕ್ಕೆ ಮುಟ್ಟುವುದಿಲ್ಲ. ಅಲ್ಲಿದ್ದವರು ಪೂರ್ತಿ ಪಂದ್ಯ ಆಡುತ್ತಾರೆ. ಉಳಿಯುವುದು ನಾಲ್ಕು ಜಾಗ, ಐದು ಇನಿಂಗ್ಸ್, ಒಟ್ಟು ಇಪ್ಪತ್ತು. ಅದಕ್ಕೆ ಎಂಟು ಹುಡುಗಿಯರು. ತಲೆಗೆ ಎರಡೂವರೆ. ಪಂದ್ಯ ನಾಲ್ಕೇ ಇನಿಂಗ್ಸಿಗೆ ಮುಗಿದರೆ ಎರಡು. ರೈಟ್ ಫೀಲ್ಡಿನಲ್ಲಿ ಎರಡು ಇನಿಂಗ್ಸ್ ನಿಂತರೆ ಕೆಲವು ಸಲ ಒಂದು ಚೆಂಡೂ ಆ ಕಡೆ ಬರುವುದಿಲ್ಲ.

ಇದೇ ಲೆಕ್ಕವನ್ನು ಹತ್ತು ಜನರ ಟೀಮಿಗೆ ಹಾಕಿ. ಐದು ಜನ ಖಾಯಂ, ಉಳಿದ ಇಪ್ಪತ್ತಕ್ಕೆ ಐದೇ ಜನ. ತಲೆಗೆ ನಾಲ್ಕು. ಹನ್ನೊಂದಾದರೆ ಮೂರು ಚಿಲ್ಲರೆ. ಹನ್ನೆರಡಾದರೆ ಮೂರಕ್ಕೂ ಸ್ವಲ್ಪ ಕಡಿಮೆ. ಒಂದೊಂದು ಹುಡುಗಿ ಹೆಚ್ಚಾದಾಗಲೂ ಕೋಚ್ "ಒಬ್ಬಳು ತಾನೇ" ಅನ್ನುತ್ತಾರೆ. ನಷ್ಟ ಆಗುವುದು ಮಾತ್ರ ಎಲ್ಲರಿಗೂ ಸಮನಾಗಿ ಅಲ್ಲ, ಆ ನಾಲ್ಕು ಜಾಗದ ಸುತ್ತ ಸುತ್ತುವವರಿಗೆ.

ಬ್ಯಾಟಿಂಗ್ ಕಥೆ ಬೇರೆ. ಶನಿವಾರದ ಪಂದ್ಯಗಳಿಗೆ ಪೂಲ್ ಗೇಮ್ ಅನ್ನುತ್ತಾರೆ. ಭಾನುವಾರ ಯಾರ ಎದುರು ಆಡಬೇಕು ಅಂತ ತೀರ್ಮಾನಿಸುವುದಕ್ಕೆ ಅವು. ಆವತ್ತು ಬಹಳ ಕೋಚ್‌ಗಳು ಎಲ್ಲ ಹದಿಮೂರು ಜನರಿಗೂ ಸರದಿ ಪ್ರಕಾರ ಬ್ಯಾಟ್ ಕೊಡುತ್ತಾರೆ. ಎಲ್ಲರಿಗೂ ಖುಷಿ. ಆದರೆ ಅಷ್ಟು ಚಿಕ್ಕ ಪಂದ್ಯದಲ್ಲಿ ಒಬ್ಬಳಿಗೆ ಸಿಗುವುದು ಒಂದೋ ಎರಡೋ ಸರದಿ. ಮೊದಲ ಸಲ ಸ್ಟ್ರೈಕೌಟ್ ಆದರೆ ಸರಿ ಮಾಡಿಕೊಳ್ಳಲು ಇನ್ನೊಂದು ಸಿಗುತ್ತದೋ ಇಲ್ಲವೋ. ಭಾನುವಾರ ಬ್ರಾಕೆಟ್ ಪಂದ್ಯ, ಸೋತರೆ ಮನೆಗೆ. ಆವತ್ತು ಲೈನಪ್ ಒಂಬತ್ತಕ್ಕೋ ಹತ್ತಕ್ಕೋ ಇಳಿಯುತ್ತದೆ. ಗೆರೆಯ ಕೆಳಗಿನವರು ಗ್ಲೌಸ್ ಹಾಕಿಕೊಂಡೇ ಬೆಂಚಿನ ಮೇಲೆ ಕೂರುತ್ತಾರೆ. ಪಿಚರ್, ಕ್ಯಾಚರ್ ಬೇಸ್ ಮೇಲೆ ಹೋದಾಗ ಅವರ ಬದಲು ಓಡಲು ಕರೆಯುತ್ತಾರೆ. ನನ್ನ ಮಗಳು ಎಷ್ಟೋ ಭಾನುವಾರ ಹಾಗೆ ಓಡಲಿಕ್ಕೆ ಮಾತ್ರ ಮೈದಾನಕ್ಕೆ ಇಳಿದಿದ್ದಾಳೆ.

ಬೆಂಚಿನವರಿಗೂ ಕೆಲಸ ಇರುತ್ತದೆ. ಸಾಫ್ಟ್‌ಬಾಲ್ ಡಗೌಟ್ ಅಂದರೆ ಸುಮ್ಮನೆ ಕೂರುವ ಜಾಗ ಅಲ್ಲ. ಹುಡುಗಿಯರು ಬೇಲಿ ಹಿಡಿದು, ಕಾಲು ಬಡಿದು, ಬಕೆಟ್ ಬಾರಿಸಿ ಹಾಡು ಕೂಗುತ್ತಾರೆ. ಬ್ಯಾಟ್ ಹಿಡಿದ ಒಬ್ಬೊಬ್ಬಳಿಗೂ ಒಂದೊಂದು ಹಾಡು. ನನ್ನ ಮಗಳಿಗೆ ಎಲ್ಲವೂ ಬಾಯಿಪಾಠ. ಭಾನುವಾರ ಸಂಜೆ ಅವಳ ಗಂಟಲು ಬಿದ್ದುಹೋಗಿರುತ್ತಿತ್ತು. ಶಿವಮೊಗ್ಗದಿಂದ ಅಮ್ಮ ವಿಡಿಯೋ ಕಾಲ್ ಮಾಡಿದರೆ ಇವಳಿಗೆ ದನಿಯೇ ಇಲ್ಲ.

"ಏನೇ ಪುಟ್ಟಿ, ಅಷ್ಟು ಆಡಿದ್ಯಾ?"

"ಇಲ್ಲ ಅಜ್ಜಿ, ಕೂಗಿದೆ."

ಅಮ್ಮ ನನ್ನನ್ನು ಕರೆದು ಕೇಳಿದರು: "ದುಡ್ಡು ಕೊಟ್ಟಿದ್ದೀರಿ ತಾನೇ? ಮತ್ಯಾಕೆ ಕೂರಿಸ್ತಾರೆ?"

ಎಲ್ಲರನ್ನೂ ಆಡಿಸಲು ಆಗಲ್ಲಮ್ಮ, ಗೆಲ್ಲಬೇಕಲ್ವಾ ಅಂದೆ. "ಗೆದ್ರಾ?" ಅಂದರು. ಅದೂ ಇಲ್ಲ.

ನಾನು ಹೈಸ್ಕೂಲಿನಲ್ಲಿ ಖೊ ಖೋ ಆಡಿದವಳು. ನಮ್ಮ ತಂಡದಲ್ಲೂ ಹನ್ನೆರಡು ಜನ, ಇಳಿಯುವುದು ಒಂಬತ್ತೇ. ಮೂವರು ಹೊರಗೆ. ನಾನೂ ಬಹಳ ಸಲ ಆ ಮೂವರಲ್ಲಿ ಒಬ್ಬಳಾಗಿದ್ದೆ. ಆದರೆ ನಾವು ದಿನಾ ಸಂಜೆ ಶಾಲೆಯ ಹಿಂದಿನ ಮೈದಾನದಲ್ಲಿ ಹೊತ್ತು ಮುಳುಗುವವರೆಗೆ ಆಡುತ್ತಿದ್ದೆವು. ತಾಲೂಕು ಮಟ್ಟದ ಪಂದ್ಯ ವರ್ಷಕ್ಕೊಮ್ಮೆ. ಅವತ್ತು ಹೊರಗೆ ಕೂತರೆ ಬೇಜಾರು ಅವತ್ತಿಗಷ್ಟೇ. ಇಲ್ಲಿ ಪಂದ್ಯವೇ ಆಟ. ಅಭ್ಯಾಸ ವಾರಕ್ಕೆರಡು ಸಂಜೆ, ಅದರಲ್ಲೂ ಅರ್ಧ ಹೊತ್ತು ಸಾಲಿನಲ್ಲಿ ನಿಲ್ಲುವುದು. ಪಂದ್ಯದಲ್ಲಿ ಕೂರಿಸಿದರೆ ಆಡಲು ಬೇರೆ ದಿನವೇ ಇಲ್ಲ.

ಜೊತೆಗೆ ದಾರಿ. ಟೂರ್ನಮೆಂಟ್‌ಗೆ ವೇಕೋ ಊರಿಗೆ ಹೋಗುವುದು ಅಂದರೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಐ-35 ಹೆದ್ದಾರಿ ಹಿಡಿಯಬೇಕು. ಇಲ್ಲವೇ ಹಿಂದಿನ ರಾತ್ರಿ ಹೋಟೆಲ್. ಅದನ್ನೂ ನಮ್ಮಿಷ್ಟದ ಕಡೆ ಮಾಡುವ ಹಾಗಿಲ್ಲ. ದೊಡ್ಡ ಟೂರ್ನಮೆಂಟ್‌ನವರು ತಾವು ಹೇಳಿದ ಹೋಟೆಲಿನಲ್ಲೇ ತಂಗಿದರೆ ಮಾತ್ರ ಆಡಿಸುತ್ತೇವೆ ಅನ್ನುತ್ತಾರೆ. ಸ್ಟೇ ಟು ಪ್ಲೇ ಅಂತ ಅದಕ್ಕೊಂದು ಹೆಸರು. ವೇಕೋದ ಸ್ವಲ್ಪ ಹಿಂದೆ ವೆಸ್ಟ್ ಅನ್ನುವ ಚಿಕ್ಕ ಊರಿದೆ. ಜೆಕ್ ಮೂಲದವರ ಊರು, ಕೊಲಾಚಿ ಅನ್ನುವ ಹಣ್ಣಿನ ಬನ್ನಿಗೆ ಹೆಸರುವಾಸಿ. ಸಸ್ಯಾಹಾರಿಗಳಿಗೆ ಆ ದಾರಿಯಲ್ಲಿ ಅದೊಂದು ಪುಣ್ಯ. ಅಲ್ಲಿ ಏಪ್ರಿಕಾಟ್ ಬನ್ ತಿಂದು ಮುಂದೆ ಹೋಗಿ, ಗುಡಾರ ಕಟ್ಟಿ, ಗಾಡಿಯಿಂದ ಐಸ್ ಪೆಟ್ಟಿಗೆ ಇಳಿಸಿ, ಒಂದು ಪಂದ್ಯ ಆಗುವಷ್ಟರಲ್ಲಿ ಗುಡುಗು. ಮಿಂಚು ಕಂಡರೆ ಅರ್ಧ ಗಂಟೆ ಎಲ್ಲರೂ ಕಾರಿನೊಳಗೆ. ಮತ್ತೆ ಮಿಂಚಿದರೆ ಮತ್ತೆ ಅರ್ಧ ಗಂಟೆ. ಹೀಗೆ ಕಾದು ಕಾದು ರಾತ್ರಿ ದೀಪದ ಕೆಳಗೆ ಆಡಿದ ಪಂದ್ಯದಲ್ಲಿ ಮಗಳಿಗೆ ಸಿಕ್ಕಿದ್ದು ಒಂದು ಇನಿಂಗ್ಸ್. ವಾಪಸ್ ಬರುವಾಗ ಕಾರಿನಲ್ಲಿ ಅವಳು ನಿದ್ದೆ, ನಾವಿಬ್ಬರೂ ಮಾತಿಲ್ಲ. ಪೆಟ್ರೋಲ್, ಹೋಟೆಲ್, ಊಟ ಸೇರಿಸಿ ಆ ಒಂದು ಇನಿಂಗ್ಸಿಗೆ ಎಷ್ಟು ಬಿತ್ತು ಅಂತ ನಾನು ಮನಸ್ಸಿನಲ್ಲೇ ಕೂಡಿಸುತ್ತಿದ್ದೆ. ಗಂಡನೂ ಅದನ್ನೇ ಮಾಡುತ್ತಿದ್ದ ಅಂತ ಆಮೇಲೆ ಗೊತ್ತಾಯಿತು.

ಗುಡಾರದ ಕೆಳಗೆ ಇತರ ಅಪ್ಪ ಅಮ್ಮಂದಿರ ಮಾತು ಒಂದೇ. ಡ್ಯಾಡಿ ಬಾಲ್. ಅಂದರೆ ಅಪ್ಪ ಕೋಚ್, ಮಗಳು ಶಾರ್ಟ್‌ಸ್ಟಾಪ್. ನಮ್ಮ ತಂಡದಲ್ಲೂ ಹಾಗೇ ಇತ್ತು. ನಾನು ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಆ ಹುಡುಗಿ ದಿನಾ ಸಂಜೆ ಹಿತ್ತಿಲಲ್ಲಿ ನೂರು ಚೆಂಡು ಹಿಡಿಯುತ್ತಿದ್ದಳು. ಅವಳು ಆ ಜಾಗಕ್ಕೆ ಸರಿಯಾಗಿಯೇ ಇದ್ದಳು. ಅವರಪ್ಪ ಕೆಲಸ ಮುಗಿಸಿ ಬಂದು ಸಂಬಳವಿಲ್ಲದೆ ಹದಿಮೂರು ಮಕ್ಕಳಿಗೆ ಕಲಿಸುತ್ತಿದ್ದರು. ಬೇರೆ ಯಾರೂ ಮುಂದೆ ಬಂದಿರಲಿಲ್ಲ. ಒಪ್ಪದ ಅರ್ಧ ಯಾವುದು ಅಂದರೆ, ತನ್ನ ಮಗಳು ಎಂದೂ ಬೆಂಚಿನಲ್ಲಿ ಕೂರದ ಕೋಚ್‌ಗೆ ಬೆಂಚು ಎಷ್ಟು ಉದ್ದ ಅಂತ ಕಾಣುವುದಿಲ್ಲ.

ಕೋಚ್ ಹತ್ತಿರ ಮಾತಾಡುವುದಕ್ಕೂ ಇಲ್ಲಿ ಪದ್ಧತಿ ಇದೆ. ಪಂದ್ಯ ಮುಗಿದು 24 ಗಂಟೆ ಆಗುವವರೆಗೆ ಯಾವ ಪೋಷಕರೂ ಬಾಯಿ ಬಿಡಬಾರದು. ಒಳ್ಳೆಯ ನಿಯಮ. ಭಾನುವಾರ ಸಂಜೆ ಪಾರ್ಕಿಂಗ್ ಜಾಗದಲ್ಲಿ ನನ್ನ ಬಾಯಿಂದ ಬರಬಹುದಾಗಿದ್ದ ಮಾತು ಸೋಮವಾರಕ್ಕೆ ಬಹಳ ತಣ್ಣಗಾಗುತ್ತಿತ್ತು. ಎರಡನೆಯ ಪದ್ಧತಿ, ಹನ್ನೆರಡು ವರ್ಷ ತುಂಬುವ ಹೊತ್ತಿಗೆ ಕೇಳಬೇಕಾದವಳು ಹುಡುಗಿಯೇ, ಅಮ್ಮ ಅಲ್ಲ. ಮಗಳು ವಾರಗಟ್ಟಲೆ ಮುಂದಕ್ಕೆ ಹಾಕಿದಳು. "ನೀನೇ ಕೇಳಮ್ಮ" ಅನ್ನುತ್ತಿದ್ದಳು. ಕೊನೆಗೆ ಒಂದು ಅಭ್ಯಾಸದ ದಿನ ಬೇಗ ಕರೆದುಕೊಂಡು ಹೋದೆ. ನಾನು ಕಾರಿನಲ್ಲೇ ಕೂತೆ. ಅವಳು ಹೋಗಿ, ಯಾಕೆ ಕೂರಿಸುತ್ತೀರಿ ಅಂತ ಕೇಳಲಿಲ್ಲ. ಜಾಸ್ತಿ ಆಡಬೇಕು ಅಂದರೆ ಏನು ಮಾಡಬೇಕು ಅಂತ ಕೇಳಿದಳು. ಮನೆಯಲ್ಲಿ ಆ ಪ್ರಶ್ನೆಯನ್ನು ಹಾಗೆ ಕಟ್ಟಿಕೊಂಡಿದ್ದೆವು. ಕೋಚ್ ನೇರವಾಗಿಯೇ ಹೇಳಿದರು. ರೈಟ್ ಫೀಲ್ಡಿನಿಂದ ಹೋಮ್ ಪ್ಲೇಟಿಗೆ ಎಸೆದ ಚೆಂಡು ಒಂದೇ ಪುಟಿತಕ್ಕೆ ಕ್ಯಾಚರ್ ಕೈ ಸೇರಬೇಕು. ತಲೆ ಮೇಲೆ ಹೋಗುವ ಚೆಂಡಿಗೆ ಹಿಂದೆ ಹಿಂದೆ ನಡೆಯಬಾರದು, ತಿರುಗಿ ಓಡಬೇಕು.

ಆಮೇಲೆ ನಮ್ಮ ಸಂಜೆಗಳೆಲ್ಲ ಪಾರ್ಕಿನಲ್ಲೇ. ಗಂಡ ಕಾಲೇಜಿನಲ್ಲಿ ಕ್ರಿಕೆಟ್ ಆಡಿದವನು. ಬೌಂಡರಿಯಿಂದ ಎಸೆಯುವುದನ್ನು ಅವನು ಬಲ್ಲ. ಬ್ಯಾಟಿನಿಂದ ಮೇಲಕ್ಕೆ ಚೆಂಡು ಹಾರಿಸುವುದು ಮಾತ್ರ ಅವನಿಗೆ ಒಲಿಯಲಿಲ್ಲ, ಎಲ್ಲವೂ ಕವರ್ ಡ್ರೈವ್ ಆಗಿ ನೆಲಕ್ಕೇ ಹೋಗುತ್ತಿತ್ತು. ಮೇಲಿನ ಚೆಂಡನ್ನು ಕೈಯಲ್ಲೇ ಎಸೆದು ಎಸೆದು ಅವನ ಭುಜ ನೋವು ಬಂತು. ಮಗಳು ಸುಧಾರಿಸಿದಳು, ಎಲ್ಲರಿಗೂ ಕಂಡಿತು. ಶನಿವಾರ ಅವಳಿಗೆ ಒಂದು ಇನಿಂಗ್ಸ್ ಜಾಸ್ತಿ ಸಿಗತೊಡಗಿತು. ಭಾನುವಾರದ ಗೆರೆ ಅಲ್ಲೇ ಇತ್ತು. ಅವಳು ಮೇಲೇರಬೇಕಾದರೆ ಇನ್ನೊಬ್ಬಳು ಕೆಳಗಿಳಿಯಬೇಕು. ಆ ಇನ್ನೊಬ್ಬಳೂ ಎಲ್ಲೋ ಒಂದು ಪಾರ್ಕಿನಲ್ಲಿ ಅಪ್ಪನ ಜೊತೆ ಅಭ್ಯಾಸ ಮಾಡುತ್ತಿದ್ದಳಲ್ಲ. ಶ್ರಮಪಟ್ಟರೆ ಜಾಗ ತಾನೇ ಸಿಗುತ್ತದೆ ಅಂತ ಇಲ್ಲಿ ಗೋಡೆ ಗೋಡೆಯ ಮೇಲೆ ಬರೆದಿರುತ್ತಾರೆ. ಹದಿಮೂರು ಜನರೂ ಶ್ರಮಪಟ್ಟರೂ ಜಾಗ ಒಂಬತ್ತೇ.

ಬೇಸಿಗೆಯ ದೊಡ್ಡ ಟೂರ್ನಮೆಂಟ್‌ಗೆ ಕೋಚ್ ಹೊರಗಿನಿಂದ ಒಬ್ಬಳನ್ನು ಕರೆತಂದರು. ಗೆಸ್ಟ್ ಪ್ಲೇಯರ್ ಅನ್ನುತ್ತಾರೆ. ತಂಡದಲ್ಲಿ ಜನ ಕಡಿಮೆ ಇದ್ದರೆ ಇದು ಸಹಾಯ. ಹದಿಮೂರು ಜನ ಇದ್ದಾಗ ಹದಿನಾಲ್ಕನೆಯವಳನ್ನು ತಂದರೆ ಏನನ್ನಬೇಕು? ಆ ಶನಿವಾರ ನಾನು ಸ್ಕೋರ್ ಬರೆದು ಮುಗಿಸಿದೆ, ಮಗಳು ಕೂಗಿ ಮುಗಿಸಿದಳು, ಆಗಸ್ಟ್‌ನಲ್ಲಿ ಬೇರೆ ತಂಡ ನೋಡುವುದು ಅಂತ ಮೂವರೂ ಒಪ್ಪಿದೆವು. ಯಾರ ಮೇಲೂ ಕೋಪ ಇಟ್ಟುಕೊಳ್ಳಲಿಲ್ಲ. ಅವಳ ಗೆಳತಿಯರು ಈಗಲೂ ಮನೆಗೆ ಬರುತ್ತಾರೆ, ದೋಸೆ ತಿನ್ನುತ್ತಾರೆ.

ಆ ಆಗಸ್ಟ್‌ನ ಟ್ರೈಔಟ್‌ಗಳಿಗೆ ನಾವು ಹೋದದ್ದು ಬೇರೆ ರೀತಿ. ಕೋಚ್ ನಮ್ಮ ಮಗಳನ್ನು ನೋಡುತ್ತಿದ್ದರು, ನಾವು ಕೋಚನ್ನು. "ನನ್ನ ಮಗಳನ್ನು ಎಷ್ಟು ಆಡಿಸುತ್ತೀರಿ" ಅಂತ ಕೇಳಿ ಪ್ರಯೋಜನವಿಲ್ಲ. ಅದಕ್ಕೆ ಎಲ್ಲ ಕೋಚ್‌ಗಳ ಉತ್ತರವೂ ಒಂದೇ: ಗಳಿಸಿದಷ್ಟು. ನಾವು ಕೇಳಿದ್ದು ಬೇರೆ. ಈಗ ಎಷ್ಟು ಜನ, ಜನವರಿಯಲ್ಲಿ ಎಷ್ಟು ಜನ ಇರುತ್ತಾರೆ? ಪಿಚರ್‌ಗಳು ಎಸೆಯದಾಗ ಎಲ್ಲಿ ಆಡುತ್ತಾರೆ? ಈ ಪ್ರಶ್ನೆ ಬಹಳ ಮುಖ್ಯ, ಯಾಕಂದರೆ ನಾಲ್ಕು ಪಿಚರ್ ಇದ್ದರೆ ಎಸೆಯದ ಮೂವರೂ ಯಾವುದೋ ಮೂರು ಜಾಗ ಹಿಡಿದಿರುತ್ತಾರೆ. ಪಿಚಿಂಗ್ ಮಾತ್ರ ಮಾಡುವವಳಾದರೆ ಅವಳಿಂದ ಬೇರೆಯವರ ಜಾಗಕ್ಕೆ ತೊಂದರೆಯಿಲ್ಲ. ಶನಿವಾರ ಎಲ್ಲರಿಗೂ ಬ್ಯಾಟ್ ಕೊಡುತ್ತೀರಾ? ಭಾನುವಾರ? ಗೆಸ್ಟ್ ಪ್ಲೇಯರ್ ಕರೆಯುವುದು ಯಾವಾಗ? ಮಗಳಿಗೆ ಸೆಕೆಂಡ್ ಬೇಸ್ ಅಂದಿರಿ, ಆ ಜಾಗಕ್ಕೆ ಇನ್ನೂ ಯಾರ್ಯಾರು ಇದ್ದಾರೆ?

ಒಬ್ಬರು ಕೋಚ್‌ಗೆ ಸಿಟ್ಟೇ ಬಂತು. ಇಷ್ಟೆಲ್ಲ ಕೇಳುವ ಪೋಷಕರು ನಮಗೆ ಸರಿಹೋಗುವುದಿಲ್ಲ ಅನ್ನುವ ಅರ್ಥದಲ್ಲಿ ನಕ್ಕರು. ಒಳ್ಳೆಯದೇ ಆಯಿತು. ಇನ್ನೊಬ್ಬರು ಬಹಳ ಸಿಹಿಯಾಗಿ ಮಾತಾಡಿದರು, ಸಂಖ್ಯೆ ಮಾತ್ರ ಹೇಳಲಿಲ್ಲ. ಮತ್ತೊಂದು ತಂಡದ ಕೋಚ್, ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಆಡಿದ ಹೆಂಗಸು, ಜೇಬಿನಿಂದ ಫೋನ್ ತೆಗೆದು ಕಳೆದ ಬೇಸಿಗೆಯ ಒಂದು ಪಟ್ಟಿ ತೋರಿಸಿದರು. ಹೆಸರುಗಳನ್ನು ಬೆರಳಲ್ಲಿ ಮುಚ್ಚಿಕೊಂಡು, ಯಾರಿಗೆ ಎಷ್ಟು ಇನಿಂಗ್ಸ್ ಸಿಕ್ಕಿತು ಅಂತ. ಎಲ್ಲರಿಗೂ ಸಮ ಇರಲಿಲ್ಲ. ಸಮ ಇರುತ್ತದೆ ಅಂತ ಅವರು ಹೇಳಲೂ ಇಲ್ಲ. ಆದರೆ ಅತಿ ಕಡಿಮೆ ಆಡಿದವಳ ಸಂಖ್ಯೆಯೂ ಮರ್ಯಾದೆಯಾಗಿತ್ತು. ತಂಡ ಹತ್ತು ಜನರದ್ದು. ಅಲ್ಲಿಗೇ ಸೇರಿದೆವು. ಫೀಸ್ ಜಾಸ್ತಿ, ಮೇಲೆ ಭಾಗಾಕಾರ ಮಾಡಿದ್ದೆವಲ್ಲ, ಅದೇ ಕಾರಣ.

ಹತ್ತು ಜನರ ತಂಡ ಸ್ವರ್ಗ ಅಂತ ತಿಳಿಯಬೇಡಿ. ಮಗಳು ಎಲ್ಲ ಪಂದ್ಯ ಆಡಿದಳು, ಬೇಕು ಬೇಡ ಅನ್ನುವಷ್ಟು. ಜುಲೈ ಬಿಸಿಲಿನಲ್ಲಿ ಒಂದೇ ದಿನ ಪಂದ್ಯದ ಹಿಂದೆ ಪಂದ್ಯ ಬಂದರೆ ಕುತ್ತಿಗೆಗೆ ಐಸ್ ಟವೆಲ್ ಸುತ್ತಿ ಮತ್ತೆ ಕಳಿಸಬೇಕು, ಬದಲಿಗೆ ಜನ ಇಲ್ಲ. ಒಬ್ಬಳು ಬೆರಳು ಮುರಿದುಕೊಂಡಳು. ಇನ್ನೊಬ್ಬಳ ಅಕ್ಕನ ಗ್ರಾಜುಯೇಷನ್ ಬಂತು. ಎಂಟಕ್ಕಿಳಿದು ಪ್ರತಿ ಸುತ್ತಿಗೂ ಒಂದು ಔಟ್ ಸುಮ್ಮನೆ ಕೊಟ್ಟು ಆಡಿದ್ದೂ ಇದೆ. ಮೊದಲ ತಂಡಕ್ಕಿಂತ ಜಾಸ್ತಿ ಸೋತೆವು.

ನಮ್ಮಂಥವರಿಗೆ ಇನ್ನೊಂದು ಸಂಕಟ. ಊರಿಗೆ ಹೋಗುವುದು ಯಾವಾಗ? ಶಾಲೆಗೆ ರಜೆ ಜೂನ್ ಜುಲೈ, ಸಾಫ್ಟ್‌ಬಾಲಿನ ದೊಡ್ಡ ಟೂರ್ನಮೆಂಟ್‌ಗಳೂ ಜೂನ್ ಜುಲೈ. ಹದಿಮೂರು ಜನರ ತಂಡದಲ್ಲಿ ತಿಂಗಳು ಊರಿಗೆ ಹೋಗಿ ಬಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹತ್ತು ಜನರ ತಂಡದಲ್ಲಿ ಹಾಗೆ ಹೋದರೆ ಒಂಬತ್ತು ಮನೆಯವರ ಬೇಸಿಗೆ ಕೆಡುತ್ತದೆ. ನಾವು ಡಿಸೆಂಬರ್‌ನಲ್ಲಿ ಹೋದೆವು. ಮಾವಿನಹಣ್ಣೂ ಇಲ್ಲ, ಮಳೆಯೂ ಇಲ್ಲ ಅಂತ ಮಗಳ ತಕರಾರು. ಜೂನ್‌ನಲ್ಲಿದ್ದ ತಂಗಿ ಮಗನ ಉಪನಯನ ತಪ್ಪಿತು. ಅದನ್ನು ನನ್ನ ತಂಗಿ ಇನ್ನೂ ಮರೆತಿಲ್ಲ. ತಂಡ ಚಿಕ್ಕದಾದಷ್ಟೂ ಅದು ನಿಮ್ಮ ಮನೆಯ ಕ್ಯಾಲೆಂಡರನ್ನು ಗಟ್ಟಿಯಾಗಿ ಹಿಡಿಯುತ್ತದೆ. ಇದನ್ನು ಒಪ್ಪುವವರು ಮಾತ್ರ ಹತ್ತರ ತಂಡಕ್ಕೆ ಹೋಗಬೇಕು. ಬೇಸಿಗೆಗೆ ಊರಿಗೆ ಹೋಗಲೇಬೇಕು ಅನ್ನುವವರಿಗೆ ಹನ್ನೆರಡರ ತಂಡವೇ ವಾಸಿ, ಇಲ್ಲದಿದ್ದರೆ ರೆಕ್ ಬಾಲ್. ರೆಕ್ ಬಾಲ್ ಅಂದರೆ ಕೀಳು ಅನ್ನುವ ಭಾವನೆ ಯಾಕೋ ಬಂದುಬಿಟ್ಟಿದೆ. ನನಗೆ ಅದು ಅರ್ಥವಾಗುವುದಿಲ್ಲ. ಅಲ್ಲಿ ಮಗು ಆಡುತ್ತದೆ.

ಕೆಲವರು ಕಾಲೇಜು ಸ್ಕಾಲರ್‌ಶಿಪ್ ಆಸೆಯಿಂದ ಹೆಸರುವಾಸಿ ಸಂಸ್ಥೆಯ ದೊಡ್ಡ ತಂಡದಲ್ಲಿ ಕೂರುವುದಕ್ಕೂ ತಯಾರಿರುತ್ತಾರೆ. ಅಲ್ಲೂ ಎಣಿಕೆಯೇ. ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತವಾದ ಡಿವಿಷನ್ 1ರಲ್ಲಿ, ಆಟಗಾರರಿಗೆ ಕಾಲೇಜೇ ಹಣ ಕೊಡಲು ಬಿಡುವ ಹೊಸ ಒಪ್ಪಂದಕ್ಕೆ ಸೇರಿದ ಕಾಲೇಜುಗಳಿಗೆ 2025-26ರಿಂದ ಸಾಫ್ಟ್‌ಬಾಲ್ ತಂಡದ ಮಿತಿ 25 ಜನ. ಟೋಕಿಯೋ ಒಲಿಂಪಿಕ್ಸ್‌ಗೆ ಒಂದೊಂದು ದೇಶ ಕರೆದೊಯ್ದದ್ದು 15 ಜನರನ್ನು. ಇಳಿಯುವವರು ಅಲ್ಲೂ ಒಂಬತ್ತೇ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಸಾಫ್ಟ್‌ಬಾಲ್ ನಡೆಯುವುದು ಒಕ್ಲಹೋಮ ಸಿಟಿಯಲ್ಲಿ. ನಮಗೆ ಕಾರಿನಲ್ಲಿ ಮೂರು ಗಂಟೆ ದಾರಿ. ಅದಕ್ಕೆ ಈಗಲೇ ದುಡ್ಡು ಎತ್ತಿಟ್ಟಿದ್ದಾಳೆ ಮಗಳು. ಹನ್ನೆರಡು ವರ್ಷದವಳು ಬೆಂಚಿನಲ್ಲಿ ಕೂತು ಕಾಲೇಜಿಗೆ ತಯಾರಾಗುತ್ತಾಳೆ ಅನ್ನುವುದನ್ನು ನಾನಂತೂ ನಂಬುವುದಿಲ್ಲ. ಆ ವಯಸ್ಸಿನಲ್ಲಿ ಚೆಂಡು ಕೈಗೆ ಬರಬೇಕು, ಕೆಲವು ಜಾರಬೇಕು.

ನನ್ನನ್ನು ಕೇಳಿದರೆ ಹನ್ನೊಂದು ಸರಿ. ಇಬ್ಬರು ಹೊರಗೆ, ಪ್ರತಿ ಇನಿಂಗ್ಸಿಗೆ ಬದಲಾಯಿಸಬಹುದು, ಒಬ್ಬಳಿಗೆ ಜ್ವರ ಬಂದರೂ ನಡೆಯುತ್ತದೆ.

ಈ ಮಾತು ಹೇಳುವುದು ಸುಲಭ. ಈ ಶರತ್ಕಾಲ 14ಯುಗೆ ಹೋಗುವಾಗ ಕೋಚ್ ಎಲ್ಲ ಪೋಷಕರನ್ನೂ ಕೂರಿಸಿ ಕೇಳಿದರು. ಇಬ್ಬರು ಪಿಚರ್‌ಗಳು ಬರುತ್ತೇವೆ ಅನ್ನುತ್ತಿದ್ದಾರೆ, ಏನು ಮಾಡೋಣ? ಹನ್ನೆರಡಾದರೆ ಫೀಸ್ ಇಳಿಯುತ್ತದೆ ಅಂತ ಕೆಲವರಿಗೆ ಖುಷಿ. ಪಿಚರ್ ಮಗಳ ಅಪ್ಪ ಒಬ್ಬರು ಯಾರೂ ಬೇಡ ಅಂದರು, ಅವರ ಕಷ್ಟ ಅವರಿಗೆ. ನಾನು ಒಬ್ಬಳು ಸಾಕು ಅಂದೆ, ಫೋನಿನಲ್ಲಿದ್ದ ಲೆಕ್ಕ ತೋರಿಸಿದೆ. ಹೊರಗೆ ಉಳಿಯುವ ಆ ಇನ್ನೊಬ್ಬಳ ಅಮ್ಮನೂ ಯಾವುದೋ ಬೆಂಚು ನೋಡಿ ಸಾಕಾಗಿಯೇ ಇಲ್ಲಿಗೆ ಬಂದಿರಬೇಕು. ಅದು ಗೊತ್ತಿದ್ದೂ ಹಾಗೇ ಅಂದೆ. ಅರ್ಧ ಗಂಟೆ ಚರ್ಚೆಯಾಗಿ ಒಬ್ಬಳನ್ನು ತೆಗೆದುಕೊಂಡರು.

ಹುಡುಗಿ ಎತ್ತರ ಇದ್ದಾಳೆ, ಚೆಂಡು ಜೋರಾಗಿ ಬರುತ್ತದೆ. ಎಸೆಯದಾಗ ಅವಳು ಆಡುವುದು ಸೆಕೆಂಡ್ ಬೇಸ್. ಅಂದರೆ ನನ್ನ ಮಗಳ ಜಾಗ. ಮಗಳು ಈಗ ಲೆಫ್ಟ್ ಫೀಲ್ಡಿಗೂ ಅಭ್ಯಾಸ ಮಾಡುತ್ತಿದ್ದಾಳೆ, ಗಂಡನ ಭುಜಕ್ಕೆ ಮತ್ತೆ ಮುಲಾಮು ಶುರುವಾಗಿದೆ. ಶನಿವಾರ ಮೊದಲ ಟೂರ್ನಮೆಂಟ್, ಡಲ್ಲಾಸ್ ಪಕ್ಕದ ಫೋರ್ನಿಯಲ್ಲಿ, ಬೆಳಿಗ್ಗೆ ಎಂಟಕ್ಕೆ.